-ಓ2 ಹಾಕಿದ್ರೆ ಹಿಂದಿನ ಮೂಟೆಯ ತೂಕ ಹೋಗ್ತಿದೆ. ಜಿಸಿಸಿ ಬಗ್ ಅನ್ಸತ್ತೆ, ರಿಪೋರ್ಟ್ ಮಾಡೋದು ಹೇಗೆ?

ತೂಕದ_ಮನುಷ್ಯ:

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ಎಲೆಕ್ಟ್ರಾನಿಕ್ ತೂಕದ ಮಷಿನ್ ಮಾಡೋ ಚಿಕ್ಕ ಕಂಪನಿಯೊಂದರಲ್ಲಿ ಫರ್ಮ್‌ವೇರ್ ನೋಡ್ಕೊಳ್ತೀನಿ. ನಮ್ಮ ಮಷಿನ್‌ಗಳು ಹೆಚ್ಚಾಗಿ ಹೋಗೋದು ಶಿವಮೊಗ್ಗ, ಸಾಗರ, ಶಿರಸಿ ಕಡೆಯ ಅಡಿಕೆ ಮಂಡಿಗಳಿಗೆ. ಲೋಡ್‌ಸೆಲ್‌ನಿಂದ ತೂಕ ಓದಿ ಡಿಸ್‌ಪ್ಲೇಯಲ್ಲಿ ತೋರಿಸುತ್ತೆ, ಸೀರಿಯಲ್ ಪೋರ್ಟಲ್ಲಿ ಪಿಸಿಗೆ ಕಳಿಸುತ್ತೆ, ಅಲ್ಲಿ ಬಿಲ್ ಆಗುತ್ತೆ.

ಹಳೇ ಚಿಪ್ ಸಿಗ್ತಿಲ್ಲ ಅಂತ ಕಾರ್ಟೆಕ್ಸ್-ಎಂ4 ಇರೋ ಹೊಸ ಬೋರ್ಡ್‌ಗೆ ಬಂದ್ವಿ. ಕೋಡ್ ಅದೇ, ನನಗಿಂತ ಮುಂಚೆ ಇದ್ದವರು ಬರೆದದ್ದು, ವರ್ಷಗಟ್ಟಲೆಯಿಂದ ಫೀಲ್ಡಲ್ಲಿ ಓಡ್ತಿದೆ. ಬದಲಾಗಿದ್ದು ಕಂಪೈಲರ್ (ಸಿ ಕೋಡನ್ನ ಮಷಿನ್ ಭಾಷೆಗೆ ಇಳಿಸೋ ಪ್ರೋಗ್ರಾಮ್) ಮಾತ್ರ. ಚಿಪ್ ಕಂಪನಿಯವರ ಐಡಿಇ ಜೊತೆ ಬಂದ ಜಿಸಿಸಿ 10 ಬಳಸ್ತಿದ್ದೀವಿ.

ತೊಂದರೆ ಇದು. ಮಷಿನ್ ಡಿಸ್‌ಪ್ಲೇಯಲ್ಲಿ 65.40 ಕೆಜಿ, ಪಿಸಿಯಲ್ಲಿ 64.85. ಎಲ್ಲಿಂದ ಬಂತು 64.85 ಅಂತ ನೋಡಿದ್ರೆ ಅದಕ್ಕೂ ಮುಂಚೆ ಇಟ್ಟ ಮೂಟೆಯ ತೂಕ! ಪ್ರತಿ ಸಲ ಒಂದು ಮೂಟೆ ಹಿಂದೆ. ಅಡಿಕೆ ವ್ಯಾಪಾರದಲ್ಲಿ ಅರ್ಧ ಕೆಜಿ ಅಂದ್ರೆ ಏನು ಅಂತ ಗೊತ್ತಿರೋರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಪ್ಟಿಮೈಸೇಶನ್ (ಕಂಪೈಲರ್ ಕೋಡನ್ನ ಚುರುಕು ಮಾಡೋದು) ಮಟ್ಟ -ಓ0, -ಓ1 ಎರಡರಲ್ಲೂ ಸರಿ ಬರುತ್ತೆ. -ಓ2 ಹಾಕಿದ ತಕ್ಷಣ ತಪ್ಪು. ನಡುವೆ ಒಂದು ಪ್ರಿಂಟ್‌ಎಫ್ ಹಾಕಿ ನೋಡೋಣ ಅಂದ್ರೆ ಮತ್ತೆ ಸರಿ. ವಾರ್ನಿಂಗ್ ಎಲ್ಲ ಆನ್ ಮಾಡಿದ್ದೀನಿ, ಒಂದೂ ಬರ್ತಿಲ್ಲ. ಪಿಸಿಯಲ್ಲಿ ಬಿಲ್ಡ್ ಮಾಡಿ ಯುಬಿ ಸ್ಯಾನಿಟೈಜರ್ (ಸ್ಟ್ಯಾಂಡರ್ಡ್ ಒಪ್ಪದ ಕೆಲಸಗಳನ್ನ ಕೋಡ್ ಓಡುವಾಗ ಹಿಡಿಯೋ ಟೂಲ್) ಹಾಕಿ ಓಡಿಸಿದೆ, ಅದೂ ಬಾಯಿ ಬಿಡಲಿಲ್ಲ.

ಕೋಡನ್ನ ಮಾತಲ್ಲೇ ಹೇಳ್ತೀನಿ. ಒಂದು ಗ್ಲೋಬಲ್ ಫ್ಲೋಟ್ (ದಶಮಾಂಶ ಸಂಖ್ಯೆ ಇಡೋ ವೇರಿಯಬಲ್) ಇದೆ, ಹೊಸ ತೂಕವನ್ನ ಅದಕ್ಕೆ ಬರೀತೀವಿ. ಮುಂದಿನ ಸಾಲಲ್ಲೇ ಅದರ ಅಡ್ರೆಸ್ಸನ್ನ ಹೆಡರ್ ಫೈಲಲ್ಲಿರೋ ಒಂದು ಇನ್‌ಲೈನ್ ಫಂಕ್ಷನ್‌ಗೆ ಕೊಡ್ತೀವಿ. ಅದು ವಾಯ್ಡ್ ಪಾಯಿಂಟರ್ (ಟೈಪ್ ಹೇಳದ ಅಡ್ರೆಸ್) ತಗೊಂಡು, 32 ಬಿಟ್ ಅನ್‌ಸೈನ್ಡ್ ಪಾಯಿಂಟರ್‌ಗೆ ಕಾಸ್ಟ್ ಮಾಡಿ (ಅಂದ್ರೆ ಟೈಪ್ ಬದಲಿಸಿ), ಓದಿ, ಬೈಟ್‌ಗಳನ್ನ ಹಿಂದೆಮುಂದೆ ಮಾಡಿ ಪ್ಯಾಕೆಟ್‌ಗೆ ಹಾಕುತ್ತೆ. ಅಷ್ಟೇ.

ಇದನ್ನ ಜಿಸಿಸಿಯವರಿಗೆ ರಿಪೋರ್ಟ್ ಮಾಡಿ ಅಂತ ನಮ್ಮ ಎಂಡಿ ಕೂತಿದ್ದಾರೆ. ಆದ್ರೆ ಸೋರ್ಸ್ ಹೊರಗೆ ಹೋಗಬಾರದಂತೆ. ಹೇಗೆ ಮಾಡೋದು?

ಅಂದಹಾಗೆ, ಸೈಜ್ ಕಮ್ಮಿ ಆಗ್ಲಿ ಅಂತ ಎಲ್‌ಟಿಒ (ಲಿಂಕ್ ಮಾಡುವಾಗ ಎಲ್ಲ ಫೈಲ್‌ಗಳನ್ನ ಒಟ್ಟಿಗೆ ಆಪ್ಟಿಮೈಸ್ ಮಾಡೋದು) ಆನ್ ಮಾಡಿದ್ರೆ "ಇಂಟರ್ನಲ್ ಕಂಪೈಲರ್ ಎರರ್" ಅಂತ ಹೇಳಿ ಕಂಪೈಲರ್ರೇ ಬಿದ್ದುಹೋಗುತ್ತೆ. ಅದನ್ನ ಆಫ್ ಮಾಡ್ಕೊಂಡೆ, ಅದಿಲ್ಲದೆ ನಡೆಯುತ್ತೆ.

---

ತುಕ್ಕು_ಹಿಡಿದವ:

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗುರು, ಇದು ಸ್ಟ್ರಿಕ್ಟ್ ಏಲಿಯಾಸಿಂಗ್. ರಸ್ಟ್ ಭಾಷೆಯಲ್ಲಿ ಬರೆದಿದ್ರೆ ಈ ರಗಳೆನೇ ಇರ್ತಿರಲಿಲ್ಲ. ಮುಂದಿನ ಪ್ರಶ್ನೆ ಕಳಿಸಿ.

---

ಪಾಸ್_ಮ್ಯಾನೇಜರ್:

ತುಕ್ಕು ಅವರು ಹೇಳಿದ ಕಾರಣ ಸರಿ, ಹೇಳಿದ ಧಾಟಿ ಬೇಡವಾಗಿತ್ತು. ಇವರು ವಾರ್ನಿಂಗ್ ನೋಡಿದ್ದಾರೆ, ಸ್ಯಾನಿಟೈಜರ್ ಓಡಿಸಿದ್ದಾರೆ. ನಮ್ಮ ಟೀಮಿಗೆ ಬರೋ ರಿಪೋರ್ಟ್‌ಗಳಲ್ಲಿ ಇಷ್ಟು ಮಾಡಿಕೊಂಡು ಬರೋರು ಅಪರೂಪ. ನಾನು ಹೊಟ್ಟೆಪಾಡಿಗೆ ಮಾಡೋದು ಕಂಪೈಲರ್ ಬ್ಯಾಕೆಂಡ್ (ಮಷಿನ್ ಕೋಡ್ ಹುಟ್ಟಿಸೋ ಭಾಗ) ಕೆಲಸ, ಅದರಲ್ಲೂ ಹೆಚ್ಚಿನ ಹೊತ್ತು ಬೇರೆಯವರು ಕಳಿಸಿದ ಬಗ್‌ಗಳನ್ನ ವಿಂಗಡಿಸೋದು. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೀನಿ, ಕಾಫಿ ಇಟ್ಕೊಳ್ಳಿ.

ಸರ್, ನೀವು ಸಿಟ್ಟಾಗಿರೋ ವಿಷಯ ಕಂಪೈಲರ್ ಬಗ್ ಅಲ್ಲ. ಕೊನೇ ಪ್ಯಾರಾದಲ್ಲಿ "ಅಂದಹಾಗೆ" ಅಂತ ಬಿಟ್ಟುಹೋಗಿದ್ದೀರಲ್ಲ, ಬಗ್ ಅದು.

ಮೊದಲು ತೂಕದ ಕಥೆ. ಫ್ಲೋಟ್ ಆಗಿ ಬರೆದ ಜಾಗವನ್ನ 32 ಬಿಟ್ ಇಂಟಿಜರ್ ಅಂತ ಓದೋದಕ್ಕೆ ಸಿ ಭಾಷೆಯ ಸ್ಟ್ಯಾಂಡರ್ಡ್ ಒಪ್ಪಲ್ಲ. ಕ್ಯಾರೆಕ್ಟರ್ ಟೈಪ್ ಆದ್ರೆ ಓದಬಹುದು, ಇಂಟಿಜರ್ ಆದ್ರೆ ಇಲ್ಲ. ಹಾಗಾಗಿ "ಈ ಫ್ಲೋಟ್ ಬರಹಕ್ಕೂ ಆ ಇಂಟಿಜರ್ ಓದಿಗೂ ಸಂಬಂಧ ಇರೋದಕ್ಕೆ ಸಾಧ್ಯವೇ ಇಲ್ಲ" ಅಂತ ಕಂಪೈಲರ್ ಅಂದುಕೊಳ್ಳುತ್ತೆ. ಸ್ಟ್ರಿಕ್ಟ್ ಏಲಿಯಾಸಿಂಗ್ ಅಂದ್ರೆ ಇದೇ. ಸಂಬಂಧ ಇಲ್ಲ ಅಂದಮೇಲೆ ಯಾವುದು ಮೊದಲಾದ್ರೇನು? ಓದೋದನ್ನ ಮೇಲಕ್ಕೆ ತಗೊಂಡುಹೋಗುತ್ತೆ, ಬರೆಯೋದು ಆಮೇಲೆ ಆಗುತ್ತೆ. ಓದಿದಾಗ ಅಲ್ಲಿ ಇರೋದು ಹಿಂದಿನ ಮೂಟೆ. ಡಿಸ್‌ಪ್ಲೇ ಕೋಡು ಫ್ಲೋಟನ್ನ ಫ್ಲೋಟ್ ಅಂತಲೇ ಓದುತ್ತಲ್ಲ, ಅದಕ್ಕೆ ಅಲ್ಲಿ ಸರಿ ತೋರಿಸ್ತಿದೆ.

ನಿಮ್ಮ ಬೇರೆ ಲಕ್ಷಣಗಳೂ ಇದಕ್ಕೇ ಹೊಂದುತ್ತವೆ. ಜಿಸಿಸಿ ಈ ಊಹೆಯನ್ನ -ಓ2, -ಓ3, -ಓಎಸ್‌ನಲ್ಲಿ ಆನ್ ಮಾಡುತ್ತೆ, -ಓ1ರಲ್ಲಿ ಇಲ್ಲ. ಪ್ರಿಂಟ್‌ಎಫ್ ಹೊರಗಿನ ಫಂಕ್ಷನ್. ಅದು ಒಳಗೆ ಏನನ್ನ ಮುಟ್ಟುತ್ತೋ ಗೊತ್ತಿಲ್ಲದ್ದರಿಂದ ಗ್ಲೋಬಲ್‌ಗೆ ಬರೆಯೋದನ್ನ ಅದರ ಮುಂಚೆಯೇ ಮುಗಿಸಬೇಕು, ಓದೋದನ್ನ ಅದಾದ ಮೇಲೇ ಮಾಡಬೇಕು. ವಾರ್ನಿಂಗ್ ಬರದಿದ್ದದ್ದು ವಾಯ್ಡ್ ಪಾಯಿಂಟರ್ ನಡುವೆ ಬಂದಿರೋದರಿಂದ: ಕಾಸ್ಟ್ ಇರೋ ಕಡೆ ಮೂಲ ಟೈಪ್ ಕಾಣಲ್ಲ, ಮೂಲ ಟೈಪ್ ಇರೋ ಕಡೆ ಕಾಸ್ಟ್ ಕಾಣಲ್ಲ. ಇನ್ನು ಯುಬಿ ಸ್ಯಾನಿಟೈಜರ್. ಇದನ್ನ ದಯವಿಟ್ಟು ಎಲ್ಲರೂ ತಲೇಲಿ ಇಟ್ಕೊಳ್ಳಿ, ಅದು ಏಲಿಯಾಸಿಂಗ್ ತಪ್ಪುಗಳನ್ನ ನೋಡೋದೇ ಇಲ್ಲ. ಸೈನ್ಡ್ ಓವರ್‌ಫ್ಲೋ, ಶಿಫ್ಟ್, ನಲ್ ಪಾಯಿಂಟರ್ ಇಂಥವನ್ನ ಹಿಡಿಯುತ್ತೆ. ಅದು ಸುಮ್ಮನಿದೆ ಅಂದ ಮಾತ್ರಕ್ಕೆ ಕೋಡ್ ಶುದ್ಧ ಅಂತಲ್ಲ.

ಪರೀಕ್ಷೆ ಸುಲಭ. ಎಫ್-ನೋ-ಸ್ಟ್ರಿಕ್ಟ್-ಏಲಿಯಾಸಿಂಗ್ ಫ್ಲಾಗ್ ಹಾಕಿ ಮತ್ತೆ ಬಿಲ್ಡ್ ಮಾಡಿ. ತೂಕ ಸರಿಹೋದ್ರೆ ಆ ಫಂಕ್ಷನ್ ಒಳಗಿನ ಕಾಸ್ಟ್ ಕಿತ್ತುಹಾಕಿ ನಾಲ್ಕು ಬೈಟಿನ ಮೆಮ್‌ಕಾಪಿ (ಬೈಟ್‌ಗಳನ್ನ ನಕಲು ಮಾಡೋ ಫಂಕ್ಷನ್) ಬರೀರಿ. ಮೆಮ್‌ಕಾಪಿ ಅಂದ್ರೆ ನಿಧಾನ ಅಂತ ಹೆದರಬೇಡಿ, -ಓ2ರಲ್ಲಿ ಅದು ಒಂದು ಇನ್‌ಸ್ಟ್ರಕ್ಷನ್ ಆಗಿಬಿಡುತ್ತೆ, ಡಿಸ್‌ಅಸೆಂಬ್ಲಿ ತೆಗೆದು ನೀವೇ ನೋಡಿ. ಫ್ಲಾಗನ್ನೇ ಕಾಯಂ ಮಾಡಿದ್ರೂ ನಾನು ಬೈಯಲ್ಲ, ಲಿನಕ್ಸ್ ಕರ್ನಲ್ ಇವತ್ತಿಗೂ ಅದೇ ಫ್ಲಾಗ್ ಹಾಕ್ಕೊಂಡೇ ಬಿಲ್ಡ್ ಆಗೋದು. ಇಷ್ಟು ಹಳೇ ಕೋಡಲ್ಲಿ ಇಂಥ ಕಾಸ್ಟ್ ಒಂದೇ ಇರುತ್ತೆ ಅನ್ನೋ ನಂಬಿಕೆ ನನಗಂತೂ ಇಲ್ಲ.

ಈಗ ಎಲ್‌ಟಿಒ. ಇಂಟರ್ನಲ್ ಕಂಪೈಲರ್ ಎರರ್, ನಾವು ಐಸ್ ಅಂತೀವಿ, ಬಂದ್ರೆ ವಾದಕ್ಕೆ ಜಾಗವೇ ಇಲ್ಲ. ನಿಮ್ಮ ಕೋಡು ಎಷ್ಟೇ ಕೆಟ್ಟದಾಗಿದ್ರೂ ಕಂಪೈಲರ್ ಎರರ್ ಕೊಡಬೇಕೇ ಹೊರತು ತಾನೇ ಬೀಳಬಾರದು. ಜಿಸಿಸಿಯವರ ಬಗ್ ರಿಪೋರ್ಟ್ ತಾಣ ಬಗ್‌ಜಿಲ್ಲಾದಲ್ಲಿ ಸರಿಯಾದ ಕೋಡಿಗೆ ಬಿದ್ದದ್ದಕ್ಕೊಂದು ಕೀವರ್ಡ್, ತಪ್ಪು ಕೋಡಿಗೆ ಬಿದ್ದದ್ದಕ್ಕೊಂದು ಕೀವರ್ಡ್ ಇದೆ. ಎರಡೂ ಬಗ್ ಅಂತಲೇ ಲೆಕ್ಕ.

ಆದ್ರೆ ಇಡೀ ಪ್ರಾಜೆಕ್ಟ್ ಜಿಪ್ ಮಾಡಿ ಕಳಿಸಿದ್ರೆ ಯಾರೂ ಮುಟ್ಟಲ್ಲ. ರಿಪೋರ್ಟ್ ಬರೆಯೋದು ಹತ್ತು ನಿಮಿಷದ ಕೆಲಸ, ಕೋಡನ್ನ ಚಿಕ್ಕದು ಮಾಡೋದೇ ನಿಜವಾದ ಕೆಲಸ. ಮೊದಲು ಎಲ್‌ಟಿಒಗೆ ಹೋಗೋ ಆಬ್ಜೆಕ್ಟ್ ಫೈಲ್‌ಗಳನ್ನ ಒಂದೊಂದಾಗಿ ಎಲ್‌ಟಿಒ ಇಲ್ಲದೆ ಬಿಲ್ಡ್ ಮಾಡ್ತಾ ಹೋಗಿ. ಐಸ್ ಬರೋದಕ್ಕೆ ಕೊನೆಗೆ ಎರಡೋ ಮೂರೋ ಫೈಲ್ ಸಾಕಾಗುತ್ತೆ. ಅವನ್ನ ಪ್ರೀಪ್ರೊಸೆಸ್ ಮಾಡಿ (ಹೆಡರ್‌ಗಳನ್ನೆಲ್ಲ ಒಳಗೆ ಬಿಡಿಸಿ), ಸಾಧ್ಯವಾದ್ರೆ ಒಂದೇ ಫೈಲ್‌ಗೆ ಸೇರಿಸಿ, ಎಲ್‌ಟಿಒ ಇಲ್ಲದೆಯೂ ಬೀಳುತ್ತಾ ನೋಡಿ. ಬಿದ್ರೆ ಅರ್ಧ ಗೆದ್ದ ಹಾಗೆ. ಆಮೇಲೆ ಸಿ-ರೆಡ್ಯೂಸ್ ಇಲ್ಲವೇ ಸಿ-ವೈಸ್ ಕೈಗೆ ಕೊಡಿ. ಸಿ-ರೆಡ್ಯೂಸ್ ಯೂಟಾ ಯೂನಿವರ್ಸಿಟಿಯ ಜಾನ್ ರೆಗೆರ್ ಗುಂಪಿನದು, ಸಿ-ವೈಸ್ ಅದನ್ನೇ ಪೈಥಾನ್‌ಗೆ ತಂದದ್ದು. ಫೈಲಿನಿಂದ ಸಾಲು, ಫಂಕ್ಷನ್, ಆರ್ಗ್ಯುಮೆಂಟ್ ಕೀಳ್ತಾ ಹೋಗುತ್ತೆ, ಪ್ರತಿ ಸಲ ನೀವು ಬರೆದುಕೊಟ್ಟ ಸ್ಕ್ರಿಪ್ಟನ್ನ "ಇನ್ನೂ ಇದೆಯಾ?" ಅಂತ ಕೇಳುತ್ತೆ. ಇದೆ ಅಂದ್ರೆ ಕಿತ್ತದ್ದು ಕಿತ್ತದ್ದೇ, ಇಲ್ಲ ಅಂದ್ರೆ ವಾಪಸ್ ಇಡುತ್ತೆ.

ಎಲ್ಲರೂ ಎಡವೋದು ಆ ಸ್ಕ್ರಿಪ್ಟಲ್ಲಿ. "ಕಂಪೈಲರ್ ಫೇಲ್ ಆಗಬೇಕು" ಅಂತಷ್ಟೇ ಬರೆದ್ರೆ ಕೊನೆಗೆ ಒಂದೇ ಒಂದು ಮುಚ್ಚೋ ಬ್ರೇಸ್ ಇರೋ ಫೈಲ್ ಕೈಗೆ ಬರುತ್ತೆ. ಅದೂ ಫೇಲ್ ಆಗುತ್ತಲ್ಲ, ಸಿಂಟ್ಯಾಕ್ಸ್ ಎರರ್! ಮೆಸೇಜಲ್ಲಿ "ಇಂಟರ್ನಲ್ ಕಂಪೈಲರ್ ಎರರ್" ಇರಬೇಕು, ಅದರ ಪಕ್ಕದ ಫಂಕ್ಷನ್ ಹೆಸರೂ ಅದೇ ಇರಬೇಕು ಅಂತ ಗ್ರೆಪ್ ಮಾಡಿ (ಹುಡುಕಿಸಿ). ಹೆಸರು ಬಿಟ್ರೆ ರೆಡ್ಯೂಸರ್ ಮೆಲ್ಲಗೆ ಬೇರೊಂದು ಐಸ್ ಕಡೆಗೆ ಜಾರಿಬಿಡುತ್ತೆ, ನೀವು ಬೇರೆ ಯಾವುದೋ ಬಗ್ ರಿಪೋರ್ಟ್ ಮಾಡಿರ್ತೀರ. ಟೈಮೌಟ್ ಹಾಕೋದು ಮರೀಬೇಡಿ, ಅರ್ಧ ಕಿತ್ತ ಕೋಡ್ ಕೆಲವು ಸಲ ಕಂಪೈಲರನ್ನ ಕೂರಿಸಿಬಿಡುತ್ತೆ.

ನಿಮ್ಮ ಎಂಡಿಯವರ ಭಯಕ್ಕೂ ಇದೇ ಔಷಧಿ. ರೆಡ್ಯೂಸ್ ಆದ ಫೈಲಲ್ಲಿ ಅಡಿಕೆಯೂ ಇರಲ್ಲ, ಲೋಡ್‌ಸೆಲ್ಲೂ ಇರಲ್ಲ. ವೇರಿಯಬಲ್‌ಗಳೆಲ್ಲ ಎ, ಬಿ, ಸಿ ಆಗಿರುತ್ತವೆ.

ಕೊನೇದು. ಜಿಸಿಸಿ 10ರ ಶಾಖೆ 2023ರ ಜುಲೈನಲ್ಲಿ 10.5 ಬಿಡುಗಡೆ ಮಾಡಿ ಮುಚ್ಚಿಯಾಗಿದೆ. ಅದರ ಮೇಲಿನ ರಿಪೋರ್ಟನ್ನ ಅಲ್ಲಿ ಯಾರೂ ತಿದ್ದಲ್ಲ. ಆರ್ಮ್ ಕಂಪನಿಯವರೇ ಹೊಸ ಟೂಲ್‌ಚೈನ್‌ಗಳನ್ನ ಬಿಟ್ಟಿ ಕೊಡ್ತಾರೆ, 13 ಮತ್ತು 14 ಇಳಿಸಿ ಅವುಗಳಲ್ಲೂ ಓಡಿಸಿ ನೋಡಿ, ಆಮೇಲೆ ಬಗ್‌ಜಿಲ್ಲಾದಲ್ಲಿ ಆ ಫಂಕ್ಷನ್ ಹೆಸರು ಹಾಕಿ ಹುಡುಕಿ.

---

ಗೋಲಗುಮ್ಮಟ_64:

ಮೇಡಂ ಅವ್ರು ಭಾಳ ಚಲೋ ಹೇಳ್ಯಾರ. ಆದ್ರ "ಇದು ಬಗ್, ಇದು ಬಗ್ ಅಲ್ಲ" ಅಂತ ಗೆರಿ ಎಳ್ಯೂದು ಅಷ್ಟ ಸರಳ ಅಲ್ರಿ. ಜಿಸಿಸಿ ಬಗ್‌ಜಿಲ್ಲಾದಾಗ 323 ನಂಬರಿಂದು ಒಮ್ಮೆ ತಗದ ನೋಡ್ರಿ. 2000ನೇ ಇಸ್ವಿದಾಗ ಬಂದದ್ದು. ಹಳೇ ಇಂಟೆಲ್ ಪ್ರೊಸೆಸರ್ ಒಳಗಿನ ಎಕ್ಸ್87 ಫ್ಲೋಟಿಂಗ್ ಪಾಯಿಂಟ್ ರಿಜಿಸ್ಟರ್ 80 ಬಿಟ್, ಮೆಮರಿದಾಗ ಡಬಲ್ ಇರೂದು 64 ಬಿಟ್. ಒಂದ ಲೆಕ್ಕಾ ಎರಡ ಸಲ ಮಾಡಿ ಹೋಲಿಸಿದ್ರ, ಒಂದು ಉತ್ತರ ರಿಜಿಸ್ಟರ್ ಒಳಗ ಉಳದಿರ್ತದ, ಇನ್ನೊಂದು ಮೆಮರಿಗೆ ಹೋಗಿ ದುಂಡಗ ಆಗಿ ಬಂದಿರ್ತದ. ಎರಡೂ ಸಮ ಅಲ್ಲ ಅಂತದ ಪ್ರೋಗ್ರಾಮು. ಆಪ್ಟಿಮೈಸೇಶನ್ ಬದಲ ಮಾಡಿದ್ರ ಉತ್ತರಾನೂ ಬದಲ.

ಇದು ಕಂಪೈಲರ್ ತಪ್ಪೋ, ಹಾರ್ಡ್‌ವೇರ್ ತಪ್ಪೋ, ಬರದವನ ತಪ್ಪೋ ಅಂತ ವರ್ಷಾನುಗಟ್ಟಲೆ ಹೊಡದಾಡ್ಯಾರ ಅಲ್ಲೆ. ಡೂಪ್ಲಿಕೇಟ್ ಅಂತ ಅದರ ಬೆನ್ನಿಗೆ ಕಟ್ಟಿದ ರಿಪೋರ್ಟಿನ ಸಾಲು ನೋಡಿದ್ರ ತಲಿ ತಿರಗ್ತದ. 2010ರಾಗ ಜಿಸಿಸಿ 4.5 ಬಂದಾಗ ಸಿ ಭಾಷೆಗೆ ಅಂತ ಎಫ್-ಎಕ್ಸೆಸ್-ಪ್ರಿಸಿಶನ್ ಅನ್ನೂ ಫ್ಲಾಗ್ ಕೊಟ್ರು. ಅದಕ್ಕಿಂತ ಹೆಚ್ಚ ಕೆಲಸ ಮಾಡಿದ್ದು ಎಸ್‌ಎಸ್‌ಇ2, ಅಂದ್ರ ಎಕ್ಸ್87 ಬದಲಿಗೆ ಬಂದ ಹೊಸಾ ಇನ್‌ಸ್ಟ್ರಕ್ಷನ್‌ಗಳು. ಮಂದಿ 64 ಬಿಟ್ಟಿಗೆ ಹೋದ್ರು, ಎಕ್ಸ್87 ಬಿಟ್ರು, ಜಗಳಾನೂ ತಣ್ಣಗಾತು.

ನಾ ಹೇಳೂದು ಇಷ್ಟ. ತೂಕದವರ ಕೋಡು ಸ್ಟ್ಯಾಂಡರ್ಡ್ ಪ್ರಕಾರ ತಪ್ಪು, ಒಪ್ಪಿದೆ. ಆದ್ರ ಒಂದ ವಾರ್ನಿಂಗ್ ಸುದ್ಧಾ ಕೊಡದ ಹಿಂದಿನ ಮೂಟಿ ತೂಕ ಕಳಸೂ ಕಂಪೈಲರ್‌ಗೆ "ನಿಂದೇನೂ ತಪ್ಪಿಲ್ಲ ಬಿಡಪ್ಪ" ಅನ್ನಾಕ ನನಗ ಮನಸ ಬರೂದಿಲ್ಲ. ತೂಕದಾಗ ಮೋಸ ಆತು ಅಂತ ಅಡಿಕಿ ಮಂಡಿಯೊಳಗ ಬೈಸಿಕೊಳ್ಳಾಂವ ಸ್ಟ್ಯಾಂಡರ್ಡ್ ಬರದಾಂವ ಅಲ್ಲ.

---

ತೂಕದ_ಮನುಷ್ಯ:

ಮೇಡಂ, ಫ್ಲಾಗ್ ಹಾಕಿದ ತಕ್ಷಣ ತೂಕ ಸರಿಹೋಯ್ತು. ಮೆಮ್‌ಕಾಪಿ ಮಾಡಿದೆ, ಫ್ಲಾಗ್ ತೆಗೆದೆ, ಆಗಲೂ ಸರಿ. ಡಿಸ್‌ಅಸೆಂಬ್ಲಿ ನೋಡಿದೆ. ನಾನು ಮೆಮರಿಯಿಂದ ಒಂದು ಓದು ಇರುತ್ತೆ ಅಂದ್ಕೊಂಡಿದ್ದೆ, ಅದೂ ಇಲ್ಲ. ಫ್ಲೋಟ್ ರಿಜಿಸ್ಟರಿಂದ ನೇರವಾಗಿ ಮಾಮೂಲಿ ರಿಜಿಸ್ಟರ್‌ಗೆ ಒಂದು ವಿಮೂವ್, ಆಮೇಲೆ ಬೈಟ್ ತಿರುಗಿಸೋಕೆ ಒಂದು ರೆವ್. ಹಳೇ ಕೋಡಿಗಿಂತ ಚೆನ್ನಾಗಿದೆ. ನೀವು ಹೇಳಿದ ಹಾಗೆ ಹುಡುಕಿದಾಗ ಕ್ಯಾಲಿಬ್ರೇಶನ್ ಡೇಟಾ ಇಪ್ರಾಮ್‌ಗೆ (ಕರೆಂಟ್ ಹೋದ್ರೂ ಅಳಿಸದ ಮೆಮರಿಗೆ) ಬರೆಯೋ ಕಡೆಯೂ ಅದೇ ಥರದ ಕಾಸ್ಟ್‌ಗಳು ಸಿಕ್ಕಿದವು. ಅವೆಲ್ಲ ಬದಲಾಗೋವರೆಗೂ ಫ್ಲಾಗ್ ಇರಲಿ ಅಂತ ವಾಪಸ್ ಹಾಕಿದ್ದೀನಿ.

ಐಸ್ ವಿಷಯ. ಎರಡು ಫೈಲ್‌ಗೆ ಇಳೀತು, ಸೇರಿಸಿದ್ರೆ ಎಲ್‌ಟಿಒ ಇಲ್ಲದೆಯೂ ಬೀಳುತ್ತೆ. ಸಂಜೆ ಆಫೀಸ್ ಮಷಿನಲ್ಲಿ ಸಿ-ವೈಸ್ ಓಡೋಕೆ ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದ್ರೆ ಇಡೀ ಫೈಲ್ ಒಂದೇ ಸ್ಕ್ರೀನಲ್ಲಿ ಕಾಣೋಷ್ಟಾಗಿದೆ! ಒಂದು ಬಿಟ್‌ಫೀಲ್ಡ್ ಇರೋ ಸ್ಟ್ರಕ್ಟ್, ಒಂದು ಲೂಪ್, ಒಂದು ಸ್ವಿಚ್. ಇದು ನಮ್ಮ ಕೀಪ್ಯಾಡ್ ಕೋಡು ಅಂತ ನಾನೇ ಹೇಳಿದ್ರೂ ಯಾರೂ ನಂಬಲ್ಲ. ಎಂಡಿಗೆ ತೋರಿಸಿದೆ, "ಇದರಲ್ಲಿ ಏನೂ ಇಲ್ವಲ್ಲ, ಕಳಿಸಿ" ಅಂದ್ರು.

ಆದ್ರೆ 13ರಲ್ಲಿ ಬೀಳುತ್ತೆ, 14ರಲ್ಲಿ ಬೀಳಲ್ಲ. ಬಗ್‌ಜಿಲ್ಲಾದಲ್ಲಿ ಅದೇ ಫಂಕ್ಷನ್ ಹೆಸರಿಗೆ ಹಲವು ರಿಪೋರ್ಟ್ ಸಿಕ್ಕಿದವು, ನಮ್ಮದು ಯಾವುದು ಅಂತ ನನಗೆ ಗೊತ್ತಾಗ್ಲಿಲ್ಲ. 14ರಲ್ಲಿ ಸರಿಹೋಗಿದೆ ಅಂತ ಸುಮ್ಮನಾಗ್ಲಾ?

ಇನ್ನೊಂದು ಕುತೂಹಲ. ಐಸ್ ಬಂದ್ರೆ ಗೊತ್ತಾಗುತ್ತೆ ಸರಿ. ಏನೂ ಹೇಳದೆ ತಪ್ಪು ಕೋಡ್ ಮಾಡೋ ಬಗ್‌ಗಳು ನಿಜಕ್ಕೂ ಇರ್ತಾವಾ, ಅಥವಾ ಎಲ್ಲ ಸಲವೂ ನಮ್ಮದೇ ತಪ್ಪಾ?

---

ಪಾಸ್_ಮ್ಯಾನೇಜರ್:

ಇರ್ತವೆ, ಬೇಕಾದಷ್ಟು ಇರ್ತವೆ. ಅದೇ ರೆಗೆರ್ ಗುಂಪು ಸಿ-ಸ್ಮಿತ್ ಅಂತ ಒಂದು ಪ್ರೋಗ್ರಾಮ್ ಬರೀತು. ಅದು ಅಡ್ಡಾದಿಡ್ಡಿ, ಆದ್ರೆ ಸ್ಟ್ಯಾಂಡರ್ಡ್ ಮೀರದ ಸಿ ಕೋಡ್ ಹುಟ್ಟಿಸುತ್ತೆ. ಅದನ್ನ ಬೇರೆ ಬೇರೆ ಕಂಪೈಲರ್‌ಗೆ ಕೊಟ್ಟು ಉತ್ತರ ಹೋಲಿಸೋದು. 2011ರ ಅವರ ಪೇಪರ್ ಪ್ರಕಾರ 325ಕ್ಕೂ ಹೆಚ್ಚು ಬಗ್ ಸಿಕ್ಕಿದವು, ಅವರು ಪರೀಕ್ಷೆ ಮಾಡಿದ ಪ್ರತಿಯೊಂದು ಕಂಪೈಲರ್ರೂ ಒಂದಲ್ಲ ಒಂದು ಸಲ ಸದ್ದಿಲ್ಲದೆ ತಪ್ಪು ಕೋಡ್ ಕೊಟ್ಟಿತ್ತು. ಗಣಿತದ ಪ್ರೂಫ್ ಜೊತೆ ಬರೆದ ಕಾಂಪ್‌ಸರ್ಟ್ ಕಂಪೈಲರ್‌ನಲ್ಲೂ ಸಿಕ್ಕಿದ್ದವು, ಆದ್ರೆ ಪ್ರೂಫ್ ಇಲ್ಲದ ಭಾಗಗಳಲ್ಲಿ. ಪ್ರೂಫ್ ಇದ್ದ ಮಿಡ್ಲ್-ಎಂಡ್‌ನಲ್ಲಿ (ಆಪ್ಟಿಮೈಸ್ ಮಾಡೋ ನಡುವಿನ ಭಾಗದಲ್ಲಿ) ತಪ್ಪು ಕೋಡ್ ಸಿಗಲಿಲ್ಲ.

ತುಕ್ಕು ಅವರಿಗೆ ಒಂದು ನೆನಪು ಮಾಡ್ತೀನಿ. ರಸ್ಟ್ ಕಂಪೈಲರ್ ತನ್ನ ಮ್ಯೂಟಬಲ್ ರೆಫರೆನ್ಸ್‌ಗಳಿಗೆ "ಇದಕ್ಕೆ ಬೇರೆ ಏಲಿಯಾಸ್ (ಅದೇ ಜಾಗಕ್ಕೆ ಇನ್ನೊಂದು ಹೆಸರು) ಇಲ್ಲ" ಅಂತ ತನ್ನ ಬ್ಯಾಕೆಂಡ್ ಆದ ಎಲ್‌ಎಲ್‌ವಿಎಂಗೆ ಹೇಳೋಕೆ ಹೋಗಿ, ತಪ್ಪು ಕೋಡ್ ಬಂದು, ಒಂದಕ್ಕಿಂತ ಹೆಚ್ಚು ಸಲ ಅದನ್ನ ಆಫ್ ಮಾಡಬೇಕಾಯ್ತು. ಮತ್ತೆ ಆನ್ ಆಗಿದ್ದು 2021ರಲ್ಲಿ, ರಸ್ಟ್ 1.54ರಲ್ಲಿ. ತಪ್ಪು ಇದ್ದದ್ದು ಎಲ್‌ಎಲ್‌ವಿಎಂನಲ್ಲಿ. ಸಿ ಬರೆಯೋರು ರಿಸ್ಟ್ರಿಕ್ಟ್ (ಸಿಯಲ್ಲಿ ಅದೇ ಮಾತು ಹೇಳೋ ಪದ) ಬಳಸೋದೇ ಕಮ್ಮಿ, ಹಾಗಾಗಿ ಎಲ್‌ಎಲ್‌ವಿಎಂನ ಆ ಭಾಗದಲ್ಲಿ ಯಾರೂ ಹೆಚ್ಚು ಓಡಾಡಿರಲಿಲ್ಲ. ರಸ್ಟ್ ಬಂದು ಪ್ರತಿ ಫಂಕ್ಷನ್‌ನಲ್ಲೂ ಅದನ್ನೇ ಹಾಕಿದಾಗ ಬಗ್‌ಗಳು ಹೊರಗೆ ಬಿದ್ದವು. ನಾನು ರಿಪೋರ್ಟ್ ನೋಡುವಾಗಲೂ ಇದನ್ನೇ ಲೆಕ್ಕ ಹಾಕ್ತೀನಿ. ಎಲ್ಲರೂ ಬಳಸೋ ಟಾರ್ಗೆಟ್ (ಕೋಡ್ ಓಡೋ ಚಿಪ್), ಮಾಮೂಲಿ ಫ್ಲಾಗ್ ಆದ್ರೆ ಮೊದಲು ಅನುಮಾನ ಕಳಿಸಿದವರ ಕೋಡ್ ಮೇಲೆ. ಅಪರೂಪದ ಫ್ಲಾಗ್, ಬಿಟ್‌ಫೀಲ್ಡ್, ವಿಚಿತ್ರ ಅಗಲದ ಇಂಟಿಜರ್, ಹೊಸ ಟಾರ್ಗೆಟ್ ಆದ್ರೆ ಅನುಮಾನ ನಮ್ಮ ಮೇಲೆ.

ಗುಮ್ಮಟದವರೇ, ವಾರ್ನಿಂಗ್ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವೇ. ಕ್ಲಾಂಗ್ (ಎಲ್‌ಎಲ್‌ವಿಎಂ ಬಳಸೋ ಸಿ ಕಂಪೈಲರ್) ಕಡೆಯವರು ಏಲಿಯಾಸಿಂಗ್ ತಪ್ಪು ಹಿಡಿಯೋಕೆ ಟೈಪ್ ಸ್ಯಾನಿಟೈಜರ್ ಅಂತ ಒಂದನ್ನ ಎಲ್‌ಎಲ್‌ವಿಎಂ 20ರಲ್ಲಿ ತಂದಿದ್ದಾರೆ. ತೂಕದವರ ಪಿಸಿ ಬಿಲ್ಡ್‌ಗೆ ಅದನ್ನ ಹಾಕಿ ನೋಡಬಹುದು, ಇಪ್ರಾಮ್ ಕಡೆಯದು ಒಂದಷ್ಟು ಅದರಲ್ಲೇ ಸಿಗಬಹುದು.

ಈಗ 14ರ ಪ್ರಶ್ನೆ. ಸುಮ್ಮನಾಗಬೇಡಿ. 14ರಲ್ಲಿ ಕಾಣ್ತಿಲ್ಲ ಅಂದ್ರೆ ಎರಡು ಅರ್ಥ. ಯಾರೋ ನಿಜವಾಗಿ ತಿದ್ದಿರಬಹುದು. ಅಥವಾ ಅದಕ್ಕಿಂತ ಮುಂಚೆ ಓಡೋ ಬೇರೊಂದು ಪಾಸ್‌ನಲ್ಲಿ (ಕಂಪೈಲರ್‌ನ ಕೆಲಸದ ಒಂದು ಹಂತದಲ್ಲಿ) ಏನೋ ಬದಲಾಗಿ, ನಿಮ್ಮ ಕೋಡು ಆ ತಪ್ಪಿನ ಜಾಗಕ್ಕೆ ಹೋಗದೆ ಇರಬಹುದು. ಎರಡನೇದಾದ್ರೆ ಬಗ್ ಹಾಗೇ ಕೂತಿರುತ್ತೆ, ನಾಳೆ ಬೇರೆಯವರ ಕೋಡ್ ಮೇಲೆ ಬೀಳುತ್ತೆ. ನಾವು ಲೇಟೆಂಟ್ ಅಂತ ಗುರುತು ಹಾಕಿಕೊಳ್ಳೋದು ಇಂಥವನ್ನೇ.

ಪತ್ತೆ ಮಾಡೋಕೆ ಗಿಟ್ ಬೈಸೆಕ್ಟ್ ಇದೆ, ಕಮಿಟ್‌ಗಳನ್ನ (ಕೋಡಿಗಾದ ಒಂದೊಂದು ಬದಲಾವಣೆಯನ್ನ) ಅರ್ಧ ಅರ್ಧ ಮಾಡಿ ಹುಡುಕೋ ಟೂಲ್. ಎರಡು ಬಿಡುಗಡೆ ನಡುವೆ ಸಾವಿರಾರು ಕಮಿಟ್ ಇದ್ರೂ ಪ್ರತಿ ಸಲ ಅರ್ಧಕ್ಕೆ ಇಳಿಯೋದರಿಂದ ಸುಮಾರು ಹದಿಮೂರು ಹೆಜ್ಜೆ ಆಗುತ್ತೆ. ನೀವು ಹುಡುಕ್ತಿರೋದು ಕೆಟ್ಟ ಕಮಿಟ್ ಅಲ್ಲ, ಸರಿಮಾಡಿದ ಕಮಿಟ್. ಹಾಗಾಗಿ ಗುಡ್, ಬ್ಯಾಡ್ ಪದಗಳನ್ನ ಬಿಟ್ಟು ಟರ್ಮ್-ಓಲ್ಡ್, ಟರ್ಮ್-ನ್ಯೂ ಆಪ್ಷನ್‌ಗಳಲ್ಲಿ ಬ್ರೋಕನ್, ಫಿಕ್ಸ್ಡ್ ಅಂತ ನಿಮ್ಮದೇ ಹೆಸರು ಕೊಡಿ, ಇಲ್ಲದಿದ್ರೆ ನಡುವೆ ಎಲ್ಲೋ ತಲೆ ಕೆಟ್ಟು ಉಲ್ಟಾ ಒತ್ತಿಬಿಡ್ತೀರ. ಲೈಬ್ರರಿ ಬಿಲ್ಡ್ ಮಾಡಬೇಡಿ, ಸಿ ಭಾಷೆ ಒಂದನ್ನೇ ಆನ್ ಮಾಡಿ ಮೇಕ್ ಆಲ್-ಜಿಸಿಸಿ ಅಷ್ಟೇ ಸಾಕು, ನಿಮಗೆ ಬೇಕಿರೋದು ಸಿಸಿ1 (ಜಿಸಿಸಿ ಒಳಗಿನ ಅಸಲಿ ಸಿ ಕಂಪೈಲರ್) ಒಂದೇ. ಬೂಟ್‌ಸ್ಟ್ರ್ಯಾಪ್ (ಕಂಪೈಲರನ್ನ ಅದರಿಂದಲೇ ಮತ್ತೆ ಬಿಲ್ಡ್ ಮಾಡೋದು) ಅಂತೂ ಬೇಡವೇ ಬೇಡ. ಯಾವುದಾದ್ರೂ ಕಮಿಟ್ ಬಿಲ್ಡ್ ಆಗದಿದ್ರೆ ಸ್ಕ್ರಿಪ್ಟ್‌ನಿಂದ 125 ರಿಟರ್ನ್ ಮಾಡಿ, ಬೈಸೆಕ್ಟ್ ಅದನ್ನ ಬಿಟ್ಟು ಮುಂದಕ್ಕೆ ಹೋಗುತ್ತೆ.

ಸಿಕ್ಕ ಕಮಿಟ್‌ನ ಮೆಸೇಜಲ್ಲಿ ಪಿಆರ್ (ಬಗ್ ರಿಪೋರ್ಟ್) ನಂಬರ್ ಇದ್ರೆ ಆ ರಿಪೋರ್ಟ್ ತೆಗೆದು ನಿಮ್ಮ ಐಸ್ ಜೊತೆ ಹೋಲಿಸಿ. ಹೊಂದಿದ್ರೆ ಹೊಸ ರಿಪೋರ್ಟ್ ಬೇಡ. ಆ ತಿದ್ದುಪಡಿ ಹಳೇ 13ರ ಶಾಖೆಗೂ ಹೋಗಿದೆಯಾ (ಬ್ಯಾಕ್‌ಪೋರ್ಟ್) ಅಂತ ಅಲ್ಲೇ ಇರುತ್ತೆ. ಕಮಿಟ್ ನೋಡಿದ್ರೆ ವೆಕ್ಟರೈಜರ್ ಅನ್ನೋ ಪಾಸ್‌ನ ಖರ್ಚಿನ ಲೆಕ್ಕ ಬದಲಾದ ಥರ ಸಂಬಂಧವೇ ಇಲ್ಲದ್ದಾದ್ರೆ ರಿಪೋರ್ಟ್ ಹಾಕಿ. ರೆಡ್ಯೂಸ್ ಆದ ಫೈಲು, ಪೂರ್ತಿ ಕಮಾಂಡ್ ಲೈನು, ಜಿಸಿಸಿ -ವಿ ಕೊಡೋ ಔಟ್‌ಪುಟ್ಟು, ಮತ್ತೆ "ಇಂಥ ಕಮಿಟ್‌ನಿಂದ ಕಾಣೆಯಾಗಿದೆ, ಲೇಟೆಂಟ್ ಇರಬಹುದು" ಅನ್ನೋ ಒಂದು ಸಾಲು. ಆ ಸಾಲು ಇದ್ರೆ ಅಲ್ಲಿ ನೋಡೋರ ಅರ್ಧ ದಿನ ಉಳಿಯುತ್ತೆ. ತಿದ್ದಿದ ಮೇಲೆ ನಿಮ್ಮ ಆ ಫೈಲು ಪಿಆರ್ ಅಂತ ಶುರುವಾಗಿ ಬಗ್ ನಂಬರ್ ಇರೋ ಹೆಸರಲ್ಲಿ ಟೆಸ್ಟ್‌ಸೂಟ್‌ಗೆ ಸೇರುತ್ತೆ.

ಬೈಸೆಕ್ಟ್ ಮುಗಿದ ಮೇಲೆ ಕಮಿಟ್‌ನ ಹ್ಯಾಶ್ ಇಲ್ಲಿ ಹಾಕಿ, ಎರಡರಲ್ಲಿ ಯಾವುದು ಅಂತ ನಾನೂ ನೋಡ್ತೀನಿ. ಚಿಪ್ ಕಂಪನಿಯವರಿಗೂ ಒಂದು ಟಿಕೆಟ್ ಹಾಕಿಬಿಡಿ, 10ನ್ನ ಇನ್ನೂ ಹಂಚುತ್ತಿರೋರು ಅವರು.